ಫಸ್ಟ್ ಕ್ಲಾಸಿನಲ್ಲಿ ಫೇಲು

ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಕಾರ್ಖಾನೆಯ ಎದುರಿಗಿರುವ ಟೀ ಅಂಗಡಿಯಲ್ಲಿ ಮಾತೆಲ್ಲ ಅಂಕಿಗಳದ್ದೇ. ಲೇತ್‌ನವನು ಬಂದರೆ ಮೈಕ್ರಾನು, ಮಾಲೀಕರ ಡ್ರೈವರ್ ಬಂದರೆ ಮೈಲೇಜು, ನಲವತ್ತೈದು ದಾಟಿದವರು ಬಂದರೆ ಶುಗರ್ರು. ಊಟಕ್ಕೆ ಮುಂಚೆ ಎಷ್ಟು, ಊಟ ಆದ ಮೇಲೆ ಎಷ್ಟು ಎಂದು ಹೇಳುವಾಗ ಕೆಲವರ ದನಿಯಲ್ಲಿ ಮಕ್ಕಳ ಮಾರ್ಕ್ಸ್ ಹೇಳುವ ಹೆಮ್ಮೆ ಇರುತ್ತದೆ. ಈಚೆಗೆ ನಾಲ್ಕೈದು ವರ್ಷದಿಂದ ಇನ್ನೊಂದು ಅಂಕಿ ಬಂದು ಕೂತಿದೆ. ಬೈಟು ಟೀಯ ಲೋಟ ಕೈಗೆ ಬಂದದ್ದೇ ತಡ, "ನಿಂದೆಷ್ಟು?" ಎನ್ನುತ್ತಾರೆ. ಯಾವುದು ಎಂದು ತಿರುಗಿ ಕೇಳಿದಿರೋ, ನೀವು ಹೊಸಬರು ಅಂತಲೇ ಲೆಕ್ಕ. ಅವರು ಕೇಳಿದ್ದು ಸಿಬಿಲ್.

ಸಿಬಿಲ್ ಎನ್ನುವುದು ನಿಜಕ್ಕೂ ಒಂದು ಕಂಪನಿಯ ಹೆಸರು. ಹುಟ್ಟಿದ್ದು 2000ದಲ್ಲಿ. ಜನರ ಸಾಲದ ಚರಿತ್ರೆ ಬರೆದಿಡುವ ಇಂಥ ಕಂಪನಿಗಳಿಗೆಂದೇ 2005ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಈಗ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂದು ಇನ್ನೂ ಮೂರು ಇವೆ. ಆದರೆ ನಮ್ಮ ಜನಕ್ಕೆ ಎಲ್ಲ ವನಸ್ಪತಿಯೂ ಡಾಲ್ಡಾ, ಎಲ್ಲ ನಕಲೂ ಜೆರಾಕ್ಸು. ಹಾಗೇ ಎಲ್ಲ ಸ್ಕೋರೂ ಸಿಬಿಲ್ಲೇ. 2025ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಮೂರ್ತಿಜಾಪುರದಲ್ಲಿ ಹುಡುಗಿ ಕಡೆಯವರು ಹುಡುಗನ ಸಿಬಿಲ್ ತೆಗೆಸಿ ನೋಡಿ ಮದುವೆ ಮುರಿದರು ಎಂಬ ಸುದ್ದಿ ಬಂತು. ನಮ್ಮ ಟೀ ಅಂಗಡಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಒಬ್ಬರೂ ನಗಲಿಲ್ಲ. ಮದುವೆ ವಯಸ್ಸಿನ ಇಬ್ಬರು ಹುಡುಗರು ಟೀ ಅರ್ಧಕ್ಕೇ ಬಿಟ್ಟು ಒಳಗೆ ಹೋದರು.

ನನಗೆ ಈ ಅಂಕಿಯ ಪರಿಚಯವಾದದ್ದು 2023ರ ದೀಪಾವಳಿ ಕಳೆದ ಮೇಲೆ. ಅಂದ್ರಹಳ್ಳಿಯಲ್ಲಿ ಇಪ್ಪತ್ತು–ಮೂವತ್ತರ ಒಂದು ಸೈಟು ನೋಡಿದ್ದೆವು. ಸಾಲ ಕೇಳೋಣವೆಂದು ಬ್ಯಾಂಕಿಗೆ ಹೋದೆ. ಮ್ಯಾನೇಜರು ಉಡುಪಿ ಕಡೆಯವರು. ಕಂಪ್ಯೂಟರಿನಲ್ಲಿ ನನ್ನ ಪ್ಯಾನ್ ನಂಬರು ಒತ್ತಿ, ಕನ್ನಡಕ ಹಣೆಗೇರಿಸಿ, "ನಿಮ್ಮದು 612 ಉಂಟಲ್ಲ ಮಾರಾಯ್ರೇ" ಎಂದರು.

"ಎಷ್ಟಕ್ಕೆ ಸಾರ್?"

"900ಕ್ಕೆ."

ನಾನು ಮನಸ್ಸಿನಲ್ಲೇ ಭಾಗಿಸಿದೆ. ಶೇಕಡ 68. ನಾನು ಎಸ್ಸೆಸ್ಸೆಲ್ಸಿ ಮಾಡಿದಾಗ ಇಷ್ಟು ಬಂದಿದ್ದರೆ ನಮ್ಮಮ್ಮ ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. "ಫಸ್ಟ್ ಕ್ಲಾಸಲ್ವಾ ಸಾರ್" ಅಂದೆ. ಅವರು ನಕ್ಕರು. "ಇದು ಸೊನ್ನೆಯಿಂದ ಶುರು ಅಲ್ಲ, 300ರಿಂದ. ಏನೂ ಬರೆಯದವನಿಗೂ 300 ಉಂಟು. ಹಾಗಾಗಿ ನಿಮ್ಮದು 600ಕ್ಕೆ 312." ಅಂದರೆ ಶೇಕಡ 52. ನಿಂತ ನಿಲುವಿನಲ್ಲೇ ಸೆಕೆಂಡ್ ಕ್ಲಾಸಿಗೆ ಇಳಿದುಬಿಟ್ಟೆ. "750 ದಾಟಿದ್ದರೆ ಮೇಲಕ್ಕೆ ಕಳಿಸ್ಲಿಕ್ಕೆ ನಮಗೂ ಒಂದು ಧೈರ್ಯ" ಎಂದು ಸೇರಿಸಿದರು. ಫಸ್ಟ್ ಕ್ಲಾಸಿನಲ್ಲಿ ಫೇಲಾದವನು ಪೀಣ್ಯದಲ್ಲಿ ನಾನೊಬ್ಬನೇ ಅಲ್ಲ ಎಂದು ಆಮೇಲೆ ಗೊತ್ತಾಯಿತು.

ರಿಪೋರ್ಟಿನ ಪ್ರಿಂಟ್ ಕೊಡಲು ಹೋದರೆ ಪ್ರಿಂಟರು ಕಾಗದ ಕಚ್ಚಿಕೊಂಡಿತು. ಅದನ್ನು ಬಿಡಿಸುವವರೆಗೆ ಮ್ಯಾನೇಜರು ತಮ್ಮ ಅಜ್ಜನ ಕಥೆ ತೆಗೆದರು. ಅಜ್ಜ ಪಿಗ್ಮಿ ಕಲೆಕ್ಟರಂತೆ. ಪಿಗ್ಮಿ ಹುಟ್ಟಿದ್ದೇ ಉಡುಪಿಯಲ್ಲಿ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಟಿ.ಎಂ.ಎ. ಪೈಗಳ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಹೋಗಿ ಎತ್ತಲು ಶುರುಮಾಡಿದ ಉಳಿತಾಯ ಅದು. ಪಿಗ್ಮಿಯವನಿಗೆ ಊರಿನ ನಾಡಿ ಗೊತ್ತು. ಯಾವ ಹೋಟೆಲಿನ ಇಡ್ಲಿ ಮಧ್ಯಾಹ್ನಕ್ಕೂ ಉಳಿಯುತ್ತಿದೆ, ಯಾವ ಟೈಲರಿನ ಮೆಷಿನ್ನು ಎರಡು ದಿನದಿಂದ ಸದ್ದು ಮಾಡಿಲ್ಲ, ಯಾರ ಮನೆಯಲ್ಲಿ ಗಂಡ ಕುಡಿಯುತ್ತಾನೆ ಮತ್ತು ಹೆಂಡತಿ ಕಟ್ಟುತ್ತಾಳೆ. ಸಾಲ ಕೊಡುವ ಮುಂಚೆ ಮ್ಯಾನೇಜರು ಅವನನ್ನು ಒಳಗೆ ಕರೆದು, "ಜನ ಹೇಗೆ?" ಎಂದು ಕೇಳಿದರೆ ಸಾಕು. "ಅಜ್ಜ ತಲೆ ಹೀಗೆ ಆಡಿಸಿದರೆ ಸಾಲ ಉಂಟು, ಹೀಗೆ ಆಡಿಸಿದರೆ ಇಲ್ಲ" ಎಂದು ಮ್ಯಾನೇಜರು ಎರಡು ಥರ ತಲೆ ಆಡಿಸಿ ತೋರಿಸಿದರು. ನನಗೆ ಎರಡೂ ಒಂದೇ ಥರ ಕಂಡವು.

ಪ್ರಿಂಟು ಬಂತು. ನೋಡಿದರೆ ಥೇಟ್ ಜಾತಕ. ನಾನೇ ಮರೆತಿದ್ದ ದಾಸರಹಳ್ಳಿಯ ಬಾಡಿಗೆ ಮನೆ, ನನ್ನಾಕೆಗೂ ನೆನಪಿಲ್ಲದ ಹಳೆಯ ಮೊಬೈಲ್ ನಂಬರು, ಎಲ್ಲ ಅದರಲ್ಲಿತ್ತು. ಒಂದೊಂದು ಸಾಲಕ್ಕೂ ಮೂವತ್ತಾರು ತಿಂಗಳಿನ ಮೂವತ್ತಾರು ಮನೆಗಳು, ಮನೆಗೆ ಮೂರಂಕಿ. ಕಂತು ಎಷ್ಟು ದಿನ ತಡ ಎನ್ನುವುದು ಆ ಅಂಕಿ. ಮೂರು ಸೊನ್ನೆ ಇದ್ದರೆ ಗ್ರಹ ಶುದ್ಧ. ನನ್ನ ಬೈಕ್ ಸಾಲದಲ್ಲಿ ಸೊನ್ನೆಗಳು ಮುತ್ತಿನ ಸರದಂತಿದ್ದವು. ಅದರ ಕೆಳಗೊಂದು ಕ್ರೆಡಿಟ್ ಕಾರ್ಡು. ಅಲ್ಲಿ ಕೊನೆಯ ಮನೆಯಲ್ಲಿ 900 ಎಂದು ಬರೆದಿತ್ತು. ನನ್ನ ಸ್ಕೋರು ಈ ಜನ್ಮದಲ್ಲಿ ಮುಟ್ಟದ ಅಂಕಿಯನ್ನು ನನ್ನ ಬಾಕಿ ಆಗಲೇ ಮುಟ್ಟಿ ಕೂತಿತ್ತು.

ಆ ಕಾರ್ಡಿನ ಕಥೆ ಹೇಳಲು ಒಂದು ಟ್ರಾಲಿ ಬ್ಯಾಗಿನ ಕಥೆ ಹೇಳಬೇಕು. 2018ರಲ್ಲಿ ನನ್ನ ಬಾಮೈದ ವೈಟ್‌ಫೀಲ್ಡಿನಲ್ಲಿ ಕೆಲಸಕ್ಕೆ ಸೇರಿದ. ಅವನನ್ನು ನೋಡಲು ಹೋದವರು ಅಲ್ಲಿನ ಒಂದು ಮಾಲಿಗೆ ಹೋದೆವು, ಮುಖ್ಯವಾಗಿ ಎಸಿಗೆ. ಎಸ್ಕಲೇಟರಿನ ಬುಡದಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಮೇಜು ಹಾಕಿಕೊಂಡು ನಿಂತಿದ್ದ. ಕಾರ್ಡ್ ಮಾಡಿಸಿದರೆ ಟ್ರಾಲಿ ಬ್ಯಾಗ್ ಪುಕ್ಕಟೆ. ಬ್ಯಾಗು ಗಿಳಿಹಸಿರು ಬಣ್ಣ. ಹಿಡಿ ಎಳೆದರೆ ಟಕ್ಕೆಂದು ಮೇಲೆ ಬರುತ್ತಿತ್ತು. ನನ್ನಾಕೆ ಎರಡು ಸಲ ಎಳೆದು ಎರಡು ಸಲ ಒತ್ತಿದಳು. ಅಷ್ಟಕ್ಕೆ ತೀರ್ಮಾನವಾಯಿತು. ಮೊದಲ ವರ್ಷ ಫೀಸಿಲ್ಲ ಎಂದಿದ್ದ ಹುಡುಗ ಎರಡನೆಯ ವರ್ಷದ ಮಾತೇ ಎತ್ತಲಿಲ್ಲ. ಅವನ ತಪ್ಪಲ್ಲ, ನಾನೂ ಕೇಳಲಿಲ್ಲ. ಕಾರ್ಡನ್ನು ಒಮ್ಮೆಯೂ ಉಜ್ಜದೆ, ಅಪಾಯದ ವಸ್ತು ಎಂದು ಮನೆಗೆ ತಂದು ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿ ಕಸಕ್ಕೆ ಹಾಕಿದೆ. ಕತ್ತರಿಸಿದರೆ ಖಾತೆಯೂ ಮುಗಿಯಿತು ಎಂದು ನಂಬಿದ್ದೆ. ಆಮೇಲೆ ಮನೆ ಬದಲಾಯಿತು, ಸಿಮ್ ಬದಲಾಯಿತು. ವಾರ್ಷಿಕ ಫೀಸು 500 ರೂಪಾಯಿ, ಅದಕ್ಕೆ ಶೇಕಡ 18ರ ಜಿಎಸ್‌ಟಿ ಸೇರಿ 590. ಅದು ದಾಸರಹಳ್ಳಿಯ ಖಾಲಿ ಮನೆಯ ಬಾಗಿಲು ತಟ್ಟುತ್ತಾ, ತಡವಾದ ದಂಡ, ದಂಡಕ್ಕೆ ಬಡ್ಡಿ, ಬಡ್ಡಿಗೂ ಜಿಎಸ್‌ಟಿ ಎಂದು ಬೆಳೆದು 9,846 ರೂಪಾಯಿ ಆಗಿತ್ತು. ಪಕ್ಕದಲ್ಲಿ "ರಿಟನ್ ಆಫ್" ಎಂಬ ಷರಾ. ಬ್ಯಾಂಕಿನವರು ಬಿಟ್ಟುಬಿಟ್ಟರು ಎಂದು ಖುಷಿಪಟ್ಟೆ. ಅದು ಅವರ ಲೆಕ್ಕದ ಪುಸ್ತಕದಿಂದ ಬಿಟ್ಟದ್ದು, ನನ್ನ ಹಣೆಯಿಂದಲ್ಲ ಎಂದು ಮ್ಯಾನೇಜರು ತಿಳಿಸಿಹೇಳಿದರು.

ಬ್ಯಾಗಿನ ಒಂದು ಚಕ್ರ 2019ರಲ್ಲೇ ಧರ್ಮಸ್ಥಳದಲ್ಲಿ ಮುರಿದಿತ್ತು.

ಕಾರ್ಡಿನ ಕಂಪನಿಗೆ ಫೋನ್ ಮಾಡಿದರೆ ಅದು ವಸೂಲಿಯವರಿಗೆ ದಾಟಿತ್ತು. ಅವರೋ ಬಹಳ ಮರ್ಯಾದೆಯವರು. "ಸಾರ್, ಅಷ್ಟು ಯಾಕೆ ಕೊಡ್ತೀರ? 3,500 ಕಟ್ಟಿ, ಸೆಟ್ಲ್ ಮಾಡಿಕೊಡ್ತೀವಿ" ಎಂದರು. ಸೆಟ್ಲ್! ಬೆಂಗಳೂರಿಗೆ ಬಂದ ಯಾವ ಊರಿನವನಿಗೆ ಈ ಪದ ಕೇಳಿದರೆ ಕಿವಿ ತಂಪಾಗುವುದಿಲ್ಲ ಹೇಳಿ. ಹುಡುಗ ಸೆಟ್ಲ್ ಆಗಿದ್ದಾನೆ ಎಂದರೆ ಕೆಲಸ, ಮನೆ, ಮದುವೆ, ಗಾಡಿ ಎಲ್ಲ ಬಂತು. ಮೋಕ್ಷಕ್ಕೆ ಒಂದು ಮೆಟ್ಟಿಲು ಕೆಳಗೆ. ನಮ್ಮ ಗ್ರೈಂಡಿಂಗ್ ವಿಭಾಗದವರೊಬ್ಬರು ಹೀಗೇ ಮರುಳಾಗಿ ಒಂದು ಪರ್ಸನಲ್ ಲೋನನ್ನು ಅರ್ಧ ದುಡ್ಡಿಗೆ ಸೆಟ್ಲ್ ಮಾಡಿ, ಕಾರ್ಖಾನೆಗೆಲ್ಲ ಮೈಸೂರುಪಾಕು ಹಂಚಿದ್ದರು. ಆದರೆ ರಿಪೋರ್ಟಿನ ಭಾಷೆಯಲ್ಲಿ "ಸೆಟಲ್ಡ್" ಎಂದರೆ ಇವನು ಪೂರ್ತಿ ಕೊಡಲಿಲ್ಲ, ಚೌಕಾಶಿ ಮಾಡಿ ಕೈತೊಳೆದುಕೊಂಡ ಎಂದರ್ಥ. ಮುಂದೆ ಸಾಲ ಕೊಡುವವನು ಅದನ್ನು ನೋಡಿ ಮುಖ ತಿರುಗಿಸುತ್ತಾನೆ. ಬೇಕಾದದ್ದು "ಕ್ಲೋಸ್ಡ್". ನಾನು ಹಲ್ಲು ಕಚ್ಚಿ 9,846 ಪೂರಾ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಕೈಗೆ ಬರುವ ತನಕ ಫೋನು ಬಿಡಲಿಲ್ಲ. ಒಮ್ಮೆಯೂ ಬಳಸದ ಕಾರ್ಡಿಗೆ, ಮೂರು ಚಕ್ರದ ಬ್ಯಾಗಿಗೆ.

ಇಷ್ಟಾದರೂ ಸ್ಕೋರು ಒಂದೇ ದಿನಕ್ಕೆ ಏಳುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಜಾಲಹಳ್ಳಿ ಕ್ರಾಸಿನಲ್ಲಿ ಮೂಲವ್ಯಾಧಿ ಮತ್ತು ಪಿಜಿ ಪೋಸ್ಟರುಗಳ ನಡುವೆ "ಸಿಬಿಲ್ ಸರಿ ಮಾಡಿಕೊಡಲಾಗುವುದು, 7 ದಿನ ಗ್ಯಾರಂಟಿ" ಎಂಬ ಚೀಟಿ ಕಂಡಿತು. ಕರೆದೆ. ಬಂದವನು ಎಂಟು ಸಾವಿರ ಕೇಳಿದ. ಆಧಾರ್, ಪ್ಯಾನ್, ಜೊತೆಗೆ ಫೋನಿಗೆ ಬರುವ ಓಟಿಪಿ. ಹೇಗೆ ಸರಿಮಾಡುತ್ತೀಯಪ್ಪಾ ಎಂದರೆ, "ಒಳಗೆ ನಮ್ಮವರಿದ್ದಾರೆ ಸಾರ್" ಎಂದು ಆಕಾಶದ ಕಡೆ ಕೈ ತೋರಿಸಿದ. ನಿಜವಾಗಿ ಇರುವ ಬಾಕಿಯನ್ನು ಯಾರೂ ಅಳಿಸಲಾರರು. ಸುಳ್ಳಾಗಿ ಬಿದ್ದ ಬಾಕಿಯನ್ನು ಅಳಿಸಲು ಯಾರೂ ಬೇಕಾಗಿಲ್ಲ. ನಾವೇ ತಕರಾರು ಹಾಕಬಹುದು, ಕಾಸಿಲ್ಲ. ಮೂವತ್ತು ದಿನದೊಳಗೆ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಮಗೇ ಪರಿಹಾರ ಕೊಡಬೇಕು ಎಂದು 2024ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ.

ಈ ನಿಯಮ ಗೊತ್ತಾದ ಮೇಲೆ ನನ್ನಾಕೆ ರಿಪೋರ್ಟನ್ನು ಭೂತಗನ್ನಡಿ ಹಿಡಿದು ಓದಿದಳು. ಸಿಕ್ಕಿಯೂ ಸಿಕ್ಕಿತು. ನನ್ನದೇ ಹೆಸರಿನ ಇನ್ಯಾರೋ ಪುಣ್ಯಾತ್ಮನ ಟ್ರ್ಯಾಕ್ಟರ್ ಸಾಲ ನನ್ನ ಲೆಕ್ಕಕ್ಕೆ ಬಂದು ಸೇರಿತ್ತು. ಟ್ರ್ಯಾಕ್ಟರ್ ಇಟ್ಟುಕೊಳ್ಳಲು ನಮ್ಮ ಬೀದಿಯಲ್ಲಿ ಸ್ಕೂಟರಿಗೇ ಜಾಗವಿಲ್ಲ. ತೊಡಕು ಏನೆಂದರೆ ಆತ ಸತ್ಯಹರಿಶ್ಚಂದ್ರ. ಒಂದು ಕಂತೂ ತಪ್ಪಿಸಿರಲಿಲ್ಲ. ಮೂವತ್ತಾರು ಮನೆಯಲ್ಲೂ ಸೊನ್ನೆ. ಅವನನ್ನು ಹೊರಗೆ ಹಾಕಿದರೆ ನನ್ನ ಅಂಕಿ ಕುಸಿದರೆ? ಎರಡು ರಾತ್ರಿ ನಿದ್ದೆ ಬರಲಿಲ್ಲ. ಎಲ್ಲೋ ಒಂದೂರಲ್ಲಿ ಬಿಸಿಲಲ್ಲಿ ಉತ್ತು ಕಂತು ಕಟ್ಟುತ್ತಿರುವವನ ಪುಣ್ಯವನ್ನು ನಾನು ಇಲ್ಲಿ ಫ್ಯಾನ್ ಕೆಳಗೆ ಕೂತು ಉಣ್ಣುವುದು ಸರಿಯೇ ಎಂದು ಯೋಚಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವಾಗಿ ಯೋಚಿಸಿದ್ದು, ನಾಳೆ ಮಳೆ ಕೈಕೊಟ್ಟು ಅವನು ಕಟ್ಟದಿದ್ದರೆ ನನ್ನ ಗತಿಯೇನು ಎಂದು. ತಕರಾರು ಹಾಕಿದೆ. ಇಪ್ಪತ್ತಾರು ದಿನಕ್ಕೆ ಟ್ರ್ಯಾಕ್ಟರ್ ಹೊರಟುಹೋಯಿತು. ಇನ್ನೈದು ದಿನ ತಡಮಾಡಿದ್ದರೆ ದಿನಕ್ಕೆ ನೂರು ಶುರುವಾಗುತ್ತಿತ್ತು ಎಂದು ನನ್ನಾಕೆಗೆ ಈಗಲೂ ಬೇಸರ.

ಸ್ಕೋರು ಏರುವ ಬಗೆ ನನಗೆ ಅರ್ಥವಾದದ್ದು ಬ್ಯಾಂಕಿನಲ್ಲಲ್ಲ, ನಮ್ಮ ಪಕ್ಕದ ಪ್ಲೇಟಿಂಗ್ ಶೆಡ್ಡಿನಲ್ಲಿ. ಲೇತ್ ಮೇಲೆ ಒಂದು ಶಾಫ್ಟು ತಿರುವುವಾಗ ಅಳತೆಗಿಂತ ದಪ್ಪ ಉಳಿದರೆ ಚಿಂತೆಯಿಲ್ಲ, ಇನ್ನೊಂದು ಕಟ್ ಕೊಡಬಹುದು. ಕೈ ಜಾರಿ ಸಣ್ಣಗಾದರೆ ಕೆಟ್ಟಿತು. ಹೋದ ಮೆಟೀರಿಯಲ್ ವಾಪಸು ಬರದು. ಬೆಲೆಬಾಳುವ ಶಾಫ್ಟಾದರೆ ಅದನ್ನು ಹಾರ್ಡ್ ಕ್ರೋಮಿಗೆ ಕಳಿಸುತ್ತಾರೆ. ಹಸಿರು ರಬ್ಬರು ಹೊದಿಸಿದ ತೊಟ್ಟಿಯಲ್ಲಿ ಕಡುಗೆಂಪು ದ್ರಾವಣ. ಅದರಲ್ಲಿ ಶಾಫ್ಟು ನೇತುಹಾಕಿ ಕರೆಂಟು ಹರಿಸಿ ಗಂಟೆಗಟ್ಟಲೆ ಕಾಯಬೇಕು. ಕಣ್ಣಿಗೆ ಏನೂ ಕಾಣದು, ಸಣ್ಣ ನೊರೆ ಅಷ್ಟೇ. ಮೈಕ್ರಾನು ಮೈಕ್ರಾನಾಗಿ ಕ್ರೋಮು ಕೂರುತ್ತದೆ. ಅವಸರಪಟ್ಟು ಕರೆಂಟು ಜಾಸ್ತಿ ಕೊಟ್ಟರೆ ಅಂಚೆಲ್ಲ ಸುಟ್ಟು ಗಂಟುಗಂಟಾಗುತ್ತದೆ. ಆ ಶೆಡ್ಡಿನ ಮುದುಕರು ಮೂವತ್ತು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದಾರೆ: "ಹೋಗಿ ಟೀ ಕುಡ್ದು ಬಾ."

ನಾನೂ ತೊಟ್ಟಿಯಲ್ಲಿ ನೇತಾಡಿದೆ. ಮೂವತ್ತು ಸಾವಿರ ಎಫ್‌ಡಿ ಇಟ್ಟು ಅದರ ಮೇಲೆ ಇಪ್ಪತ್ತೈದು ಸಾವಿರ ಮಿತಿಯ ಕಾರ್ಡು ತೆಗೆದುಕೊಂಡೆ, ಈ ಸಲ ಬ್ಯಾಗಿಲ್ಲದೆ. ನಮ್ಮ ದುಡ್ಡನ್ನೇ ಅವರ ಬಳಿ ಇಟ್ಟು ಅವರಿಂದ ಸಾಲ ಪಡೆದು ಹೊತ್ತಿಗೆ ಸರಿಯಾಗಿ ತೀರಿಸುವುದು. ಮಕ್ಕಳು ಅಡುಗೆ ಆಟ ಆಡಿದಂತೆ. ಮಿತಿಯ ಮೂವತ್ತು ಪರ್ಸೆಂಟ್ ಮೀರಿ ಖರ್ಚು ಮಾಡಬೇಡಿ ಎಂದು ಬಲ್ಲವರು ಹೇಳುತ್ತಾರೆ. ಕಾನೂನಲ್ಲ, ಲಕ್ಷಣ. ಇಪ್ಪತ್ತೈದು ಸಾವಿರ ಕೊಟ್ಟವರು ಏಳೂವರೆ ಸಾವಿರ ಮುಟ್ಟಿದರೆ ಸಾಕು ಎನ್ನುವುದು ನನ್ನಾಕೆಗೆ ಬೀಗರ ಊಟದ ರೀತಿ ಅನ್ನಿಸಿತು: ಎಲೆ ತುಂಬ ಬಡಿಸುತ್ತಾರೆ, ಗಬಗಬ ತಿಂದರೆ ಮಾನ ಹೋಗುತ್ತದೆ. ಬೆಸ್ಕಾಂ ಬಿಲ್ಲು, ಪೆಟ್ರೋಲು, ಅಷ್ಟಕ್ಕೆ ನಿಲ್ಲಿಸಿದೆ. ಮೊಬೈಲಿನಲ್ಲಿ ಕಂಡಕಂಡ ಕಡೆ "ಸಾಲ ಬೇಕೆ" ಎಂಬುದನ್ನು ಒತ್ತುವ ಚಾಳಿ ಬಿಟ್ಟೆ. ಒಂದೊಂದು ಅರ್ಜಿಯೂ ರಿಪೋರ್ಟಿನಲ್ಲಿ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಐದು ಕಡೆ ಹೆಣ್ಣು ನೋಡಿ ಬಂದ ಗಂಡಿನ ಬಗ್ಗೆ ಆರನೆಯ ಮನೆಯವರಿಗೆ ಅನುಮಾನ ಬರುವುದು ಸಹಜ. ಆದರೆ ನಮ್ಮ ಸ್ಕೋರನ್ನು ನಾವೇ ನೋಡಿಕೊಂಡರೆ ಅದು ಇಳಿಯುವುದಿಲ್ಲ ಎಂದು ಗೊತ್ತಾದದ್ದು ಮಾತ್ರ ಅನಾಹುತವಾಯಿತು. ಮೆಜೆಸ್ಟಿಕ್ ರೈಲ್ವೆ ಪ್ಲಾಟ್‌ಫಾರಂನಲ್ಲಿ ಬಣ್ಣದ ದೀಪ ತಿರುಗುವ ತೂಕದ ಮೆಷಿನ್ನು ಇರುತ್ತಿತ್ತಲ್ಲ, ನಾಣ್ಯ ಹಾಕಿದರೆ ತೂಕದ ಜೊತೆ ಭವಿಷ್ಯವನ್ನೂ ಉದುರಿಸುತ್ತಿದ್ದದ್ದು. ಆ ಮೆಷಿನ್ನಿನ ಮೇಲೆ ದಿನಕ್ಕೆ ಮೂರು ಸಲ ಹತ್ತಿ ಇಳಿದಂತಾಯಿತು ನನ್ನ ಬಾಳು. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಲೆಕ್ಕ ಕಳಿಸಬೇಕು ಎಂದಾದ ಮೇಲೆ ಚಟ ಇನ್ನೂ ಹೆಚ್ಚಿತು. 640. 655. ಒಂದು ಸಲ 651ಕ್ಕೆ ಇಳಿದಾಗ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. 702.

ಈ ನಡುವೆ ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಬಾಮೈದನ ಮನೆಗೆ ಹೋದೆವು. ನಾಗಸಂದ್ರದಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿ ವೈಟ್‌ಫೀಲ್ಡಿಗೆ. ಬಾಮೈದನ ಸ್ಕೋರು 791. ಫ್ಲ್ಯಾಟು ಸಾಲದ್ದು, ಕಾರು ಸಾಲದ್ದು, ಫೋನು ಕಂತಿನದ್ದು. ಎಂಬತ್ತು ಲಕ್ಷದ ಮೇಲೆ ಸಾಲವಿರುವ ಅವನು ಬ್ಯಾಂಕಿನ ಕಣ್ಣಿಗೆ ಸಾಧುಪುರುಷ. "ಭಾವ, ಅಂಕಲ್‌ದೂ ನೋಡೋಣ" ಎಂದು ಅಪ್ಪನ ಪ್ಯಾನ್ ನಂಬರು ಹಾಕಿದ. ಬಂದದ್ದು ಮೈನಸ್ ಒಂದು.

ಅಪ್ಪ ಗುಬ್ಬಿ ತಾಲ್ಲೂಕಿನಲ್ಲಿ ತೆಂಗು ಬೆಳೆದವರು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಅವರ ಮಾತಿನ ಮೇಲೆ ಮಂಡಿಯವರು ದುಡ್ಡು ಎಣಿಸುತ್ತಿದ್ದರು. ಊರಿನ ಅಂಗಡಿಯ ಕೆಂಪು ಬಟ್ಟೆಯ ಕಡದ ಪುಸ್ತಕದಲ್ಲಿ ಅವರದೊಂದು ಪುಟವೇ ಇರಲಿಲ್ಲ. ಸೊಸೈಟಿಯಲ್ಲೂ ಸಾಲ ಎತ್ತಿದವರಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ರೈತರಿಗೆ ಸಾಲ ಕೊಡುವ ಸಹಕಾರ ಸಂಘ ಕಟ್ಟಿದ ನಾಡು ಇದು. ಆದರೂ ಅಪ್ಪನಿಗೆ ಸಾಲ ಎಂದರೆ ಸರ್ವಜ್ಞ ಹೇಳಿದ್ದೇ ಕೊನೆಯ ಮಾತು. ಆ ತ್ರಿಪದಿ ಕನ್ನಡ ಶಾಲೆಗೆ ಹೋದವರಿಗೆಲ್ಲ ಬಾಯಿಗೆ ಬರುತ್ತದೆ, ಇಲ್ಲಿ ಬರೆಯುವುದು ಬೇಡ. ಸೊನ್ನೆಗಿಂತಲೂ ಒಂದು ಕಡಿಮೆ ಎಂದರೆ ಅವರಿಗೆ ಹೇಗೆ ಹೇಳುವುದು? ಚರಿತ್ರೆ ಇಲ್ಲದವರಿಗೆ ಹಾಗೆ ಬರುತ್ತದೆ, ಮೊದಲ ಸಲ ಸಾಲ ಕೇಳುವವರನ್ನು ಅದೊಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ ಎಂದು ಬಾಮೈದ ಸಮಾಧಾನ ಮಾಡಿದ. ಅಪ್ಪನಿಗೆ ಸಮಾಧಾನ ಬೇಕಾಗಿರಲಿಲ್ಲ. "ಅಂದ್ರೆ ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ, ಅಷ್ಟೇ ತಾನೇ? ನನಗೂ ಅವರು ಗೊತ್ತಿಲ್ಲ ಬಿಡು" ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಸಾಲ ಮಾಡದೆ ತುಪ್ಪ ತಿನ್ನುವವರನ್ನು ಆ ಮನೆಯಲ್ಲಿ ನಾವೆಲ್ಲ ಬೆರಗಿನಿಂದ ನೋಡಿದೆವು.

ಕಳೆದ ವರ್ಷ ಶ್ರಾವಣದಲ್ಲಿ ನನ್ನದು 752 ಆಯಿತು. ಟೀ ಅಂಗಡಿಯಲ್ಲಿ ಎಲ್ಲರಿಗೂ ಪೂರ್ತಿ ಟೀ ಹೇಳಿದೆ, ಬೈಟು ಅಲ್ಲ. ಬ್ಯಾಂಕಿಗೆ ಓಡಿದರೆ ಉಡುಪಿಯ ಮ್ಯಾನೇಜರಿಗೆ ವರ್ಗವಾಗಿತ್ತು. ಹೊಸಬರು ಸ್ಕೋರು ನೋಡಿ ತಲೆದೂಗಿದರು. ಆಮೇಲೆ ಸೈಟಿನ ಕಾಗದ ನೋಡಿದರು. ಕಾಗದದಲ್ಲಿ ಬಿ ಖಾತೆ. "ನಿಮ್ಮದೇನೂ ತೊಂದರೆಯಿಲ್ಲ ಸಾರ್, ಸೈಟಿಂದೇ ತೊಂದರೆ." ಎರಡು ವರ್ಷ ಬೆವರು ಸುರಿಸಿ ನಾನು ಎ ದರ್ಜೆಗೆ ಬಂದು ನಿಂತರೆ ಭೂಮಿತಾಯಿ ಬಿ ದರ್ಜೆಯಲ್ಲಿ ಪಾಸಾಗಿದ್ದಳು. ಈಗ ಬೇರೆ ಸೈಟು ನೋಡುತ್ತಿದ್ದೇವೆ, ಮಾದಾವರದ ಕಡೆ.

752ರಿಂದ ಆದ ಒಂದೇ ಬದಲಾವಣೆ ಎಂದರೆ ಫೋನು. ಹಗಲೆಲ್ಲ ಸಾಲ ಕೊಡುತ್ತೇವೆ ಎಂಬ ಕರೆಗಳು. ಬೇಕಾದಾಗ ಒಬ್ಬರೂ ಇರಲಿಲ್ಲ. ಹೋದ ಶನಿವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಅಪ್ಪ ಎತ್ತಿಕೊಂಡರು. ಬಚ್ಚಲಿಗೆ ಅವರ ಮಾತಷ್ಟೇ ಕೇಳುತ್ತಿತ್ತು. "ಐದು ಲಕ್ಷವಾ? ಯಾರಿಗವ್ವಾ? ... ಅವನು ಮೈ ತೊಳಕೊತಾವನೆ. ... ನೀನು ಎಲ್ಲಿಂದ ಮಾತಾಡ್ತಿರೋದು? ಎಲೆಕ್ಟ್ರಾನಿಕ್ ಸಿಟಿನಾ. ಅದಲ್ಲ, ಊರು ಯಾವುದು? ... ತುರುವೇಕೆರೆನಾ! ಅಲ್ಲಿ ಯಾರ ಪೈಕಿ?" ನಾನು ತಲೆಗೆ ಎರಡನೆಯ ಸಲ ಸೋಪು ಹಚ್ಚಿದೆ. "ಪಿಜಿ ಬಾಡಿಗೆ ಅಷ್ಟಾ? ಸಂಬಳ ಎಷ್ಟು ಕೊಡ್ತಾರೆ? ... ಅಷ್ಟರಲ್ಲಿ ಊರಿಗೇನು ಕಳಿಸ್ತೀಯ ತಾಯಿ. ... ಆಂ? ತಮ್ಮನ ಫೀಸಿಗೆ ಸಾಲ ಮಾಡಿದೀಯಾ?"

ನಾನು ಟವಲು ಸುತ್ತಿಕೊಂಡು ಬರುವ ಹೊತ್ತಿಗೆ ಫೋನು ಕೆಳಗಿಟ್ಟಿದ್ದರು.

"ಏನಂತಪ್ಪ?"

"ಐದು ಲಕ್ಷ ಕೊಡ್ತಾರಂತೆ ನಿನಗೆ. ಆ ಮಗೂಗೆ ಇನ್ನೂ ತಿಂಡಿ ಆಗಿಲ್ಲವಂತೆ ಕಣ್ಲಾ, ಹತ್ತೂವರೆ ಆಯ್ತು. ತಿಂದು ಆಮೇಲೆ ಮಾಡು ಅಂದಿದೀನಿ."